ಕ್ಯಾಲೆಂಡರಿನ ಹುಡುಗಿಗೆ ಒಂದು ಸುದ್ದಿ

ಹಿಲ್ಮಾ ಕುಂಚಗಳಿಗೆ ಸೋಪು ಹಚ್ಚಿ ಅಂಗೈಯಲ್ಲಿ ಉಜ್ಜಿ ತೊಳೆಯುತ್ತಿದ್ದಳು. ಬಾಗಿಲು ದೂಡಿಕೊಂಡು ಬರ್ನಿಸ್ ಬಂದಳು. ಹಗಲು ಷಿಕಾಗೋದ ಹೋಟೆಲೊಂದರಲ್ಲಿ ತಟ್ಟೆ ಹೊರುವವಳು, ಸಂಜೆ ಹಿಲ್ಮಾ ಕ್ಯಾಲೆಂಡರುಗಳಿಗೆ ಬರೆಯುವ ತುಂಟ ಹುಡುಗಿಯರ ಚಿತ್ರಗಳಿಗೆ ಮುಖ ಕೊಡುವವಳು.

"ಇವತ್ತೇನು? ಲಂಗ ಗಾಳಿಗೆ ಹಾರ್ಬೇಕೋ, ಬೇಲಿಗೆ ಸಿಕ್ಕೋಬೇಕೋ?"

"ಏನೂ ಬೇಡ, ಕೂತ್ಕೊ. ನಿನಗೊಂದು ಸುದ್ದಿ ಹೇಳ್ಬೇಕು."

"ಕ್ಯಾಲೆಂಡರ್ ಕಂಪನಿಗೆ ಹೊಸ ಮುಖ ಬೇಕಂತಾ? ಗೊತ್ತಿತ್ತು ಬಿಡು. ನಂಗೂ ಮೂವತ್ತು ದಾಟಿತಲ್ಲ."

ಹಿಲ್ಮಾ ಕೈ ಒರೆಸಿಕೊಂಡು ಎರಡು ಕಾಗದ ತಂದಳು. ಎರಡರ ಮೇಲೂ 'ಮಾನ್ಯ ಮಹಾಶಯರೇ' ಎಂದಿತ್ತು. ಚಿತ್ರದ ಮೂಲೆಯಲ್ಲಿ ಅವಳು ಮನೆತನದ ಹೆಸರನ್ನಷ್ಟೇ ಬರೆಯುತ್ತಿದ್ದುದರಿಂದ, ಇಂಥ ಹುಡುಗಿಯರನ್ನು ಬರೆಯುವವನು ಗಂಡಸೇ ಎಂದು ಊರೆಲ್ಲ ನಂಬಿತ್ತು. ಕಂಪನಿಗೂ ಅದೇ ಬೇಕಿತ್ತು.

ಮೊದಲನೆಯದು ಯುದ್ಧ ಮುಗಿದ ವರ್ಷ ನೆಬ್ರಾಸ್ಕಾದ ಒಬ್ಬ ತಾಯಿ ಬರೆದದ್ದು. ಯುದ್ಧದಲ್ಲಿ ಸತ್ತ ಮಗನ ಸಾಮಾನಿನ ಜೊತೆ ಹಿಲ್ಮಾ ಬರೆದ ಒಂದು ಚಿತ್ರ ಮನೆಗೆ ಬಂದಿತ್ತು. ಸ್ಕೇಟಿಂಗ್ ಮಾಡುತ್ತಾ ಹಿಮದ ಮೇಲೆ ಜಾರಿ ಬಿದ್ದ ಹುಡುಗಿ. ಚಿತ್ರದ ಬೆನ್ನಿಗೆ ಮಗನ ಅಕ್ಷರದಲ್ಲಿ 'ನನ್ನವಳು'. 'ಬಟ್ಟೆ ಸ್ವಲ್ಪ ಗಿಡ್ಡವಾಯಿತು, ಆದರೆ ಮುಖ ಒಳ್ಳೆಯ ಮನೆಯ ಹುಡುಗಿಯದು. ನಮ್ಮ ಹುಡುಗ ನಾಚಿಕೆಯವನು, ನಮಗೆ ಹೇಳಿರಲಿಲ್ಲ. ಅವನು ಹೋದದ್ದು ಅವಳಿಗೆ ಯಾರು ತಿಳಿಸಿದ್ದಾರೆ? ಚಿತ್ರ ಬರೆದ ನಿಮಗೆ ಅವಳ ಮನೆ ಗೊತ್ತಿರಬೇಕು. ಪಾಪ, ಇನ್ನೂ ಕಾಯುತ್ತಿರಬಹುದು.' ಎರಡನೆಯದೂ ಆ ತಾಯಿಯದೇ, ಆ ಬೆಳಿಗ್ಗೆ ಬಂದದ್ದು, ಒಂದೇ ಸಾಲು: 'ಅವಳಿಗೆ ಗೊತ್ತಾಯಿತೇ?'

"ಮೂರು ವರ್ಷದಿಂದ ಉತ್ತರ ಬರೆಯೋಕೆ ಕೂರ್ತೀನಿ, ಏಳ್ತೀನಿ," ಎಂದಳು ಹಿಲ್ಮಾ. "ಅಂಥ ಹುಡುಗೀನೇ ಇಲ್ಲ ಅಂತ ಹೆಂಗೆ ಬರೀಲಿ? ಮುಖ ನಿಂದು, ಕಾಲು ಡ್ಯಾನ್ಸ್ ಕಲಿಯೋ ಹುಡುಗೀದು, ಕೈ ನಂದೇ, ಕನ್ನಡಿ ನೋಡ್ಕೊಂಡು ಬರ್ದಿದ್ದು."

"ಅಯ್ಯೋ ಮಾರಾಯ್ತಿ, ಆ ಚಿತ್ರಾನಾ? ಹಿಮ ಎಲ್ಲಿತ್ತು, ಆಲೂಗಡ್ಡೆ ಮೂಟೆ ಮೇಲೆ ಕೂರಿಸಿದ್ದೆಯಲ್ಲ!" ಬರ್ನಿಸ್ ಹೊಟ್ಟೆ ಹಿಡಿದು ನಕ್ಕಳು. ನಗು ತಾನಾಗಿಯೇ ನಿಂತಿತು.

"ಹುಡುಗನ ಹೆಸರೇನು?"

"ಆರ್ವಿಲ್. ಹತ್ತೊಂಬತ್ತು ವರ್ಷ."

ಬರ್ನಿಸ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅದರ ಅಂಚು ಸವರಿದಳು.

"ಹಾಗಲ್ಲ. ಮನೆಯವರಿಗೆ ಸಾವಿನ ಸುದ್ದಿ ಹೇಳ್ತಾರಲ್ಲ, ಹಾಗೆ ಹೇಳು ನಂಗೆ."

ಹಿಲ್ಮಾ ಎದ್ದು ಬಂದು, ಇನ್ನೂ ಸೋಪಿನ ವಾಸನೆಯಿದ್ದ ಕೈಯನ್ನು ಅವಳ ಹೆಗಲ ಮೇಲಿಟ್ಟಳು. "ಬರ್ನಿಸ್, ಆರ್ವಿಲ್ ಹೋಗ್ಬಿಟ್ಟ ಕಣೆ. ಇನ್ನು ಬರಲ್ಲ."

ಚಿತ್ರಕ್ಕೆ ಕೂತಾಗ ಹಿಲ್ಮಾ ಕೇಳಿದಾಗಲೆಲ್ಲ ಹುಬ್ಬೇರಿಸಿ, 'ಓ' ಎಂದು ಬಾಯಿ ದುಂಡಗೆ ಮಾಡಿ ಬೆರಗು ತೋರಿಸುತ್ತಿದ್ದ ಮುಖ ಅದು. ಆ ಬೆರಗಿನ ಮೇಲೆ ಹಿಲ್ಮಾ ಇಷ್ಟು ವರ್ಷ ಅನ್ನ ತಿಂದಿದ್ದಳು. ಈಗ ಆ ತುಟಿ ಹೇಗೆ ಹೇಗೋ ಸೊಟ್ಟಗಾಯಿತು, ಮೂಗು ಕೆಂಪೇರಿತು, ಕಾಡಿಗೆ ಕೆನ್ನೆಗೆ ಇಳಿಯಿತು. ಹಿಲ್ಮಾ ಮುಖ ಒರೆಸಿಕೊಳ್ಳಲು ಬಟ್ಟೆ ಕೊಟ್ಟಳು.

ಕತ್ತಲಾಗುವ ಮೊದಲೇ ಹಿಲ್ಮಾ ಬೀದಿ ಮೂಲೆಯ ಅಂಚೆಪೆಟ್ಟಿಗೆಗೆ ಕಾಗದ ಹಾಕಿ, ಬಿತ್ತೋ ಇಲ್ಲವೋ ಎಂದು ಮುಚ್ಚಳ ಎತ್ತಿ ನೋಡಿದಳು. ಒಳಗೆ ಬರೆದದ್ದು ಇಷ್ಟೇ: 'ಅಮ್ಮಾ, ಅವಳಿಗೆ ತಿಳಿಸಿದೆ. ತುಂಬಾ ಅತ್ತಳು. ಇನ್ನು ಕಾಯುವುದಿಲ್ಲ.'