ಬೆಳಗಿನ ಕಿವಿ

ಪಿಯಾನೋ ಶ್ರುತಿ ಮಾಡುವವನು ತನ್ನ ಚರ್ಮದ ಚೀಲವನ್ನು ಮೊಳೆಯಿಂದ ಇಳಿಸಿ ತಂದು, ಹಜಾರದಲ್ಲಿ ಬಟಾಣಿ ಬಿಡಿಸುತ್ತಿದ್ದ ಹೆಂಡತಿಯ ಮುಂದೆ ಇಟ್ಟ. ತಂತಿ ಬಿಗಿಯುವ ಸ್ಪ್ಯಾನರ್, ರಬ್ಬರ್ ಬೆಣೆಗಳು, ಶ್ರುತಿ ನೋಡುವ ಉಕ್ಕಿನ ಕವೆ, ಅವನ ಬದುಕೆಲ್ಲ ಅದರೊಳಗಿತ್ತು.

“ಯಾರಿಗಾದ್ರೂ ಬೇಕಿದ್ರೆ ಕೊಟ್ಬಿಡು. ಇನ್ನು ನನ್ನಿಂದಾಗಲ್ಲ.”

“ಯಾಕೆ, ಕೈಗೇನಾಯ್ತು?”

“ಕೈಗಲ್ಲ, ಕಿವಿಗೆ. ಅಪ್ಪನ ಕಿವಿ ಇದೇ ವಯಸ್ಸಲ್ಲಿ ಹೋಯ್ತು. ನಂದೂ ಹೋಗಿದೆ.”

ಅವಳು ಬಟಾಣಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನು ಇನ್ನಷ್ಟು ಹೆದರುತ್ತಾನೆಂದು ಅವಳಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ತಾನು ಬಾಯೊಳಗೇ ಗೊಣಗಿಕೊಂಡದ್ದಕ್ಕೂ ಹಜಾರದಿಂದ ಉತ್ತರ ಕೊಡುವ ಗಂಡಸಿನ ಕಿವಿಗೆ ಏನು ಧಾಡಿ ಎಂದು ಕೇಳಿದಳು. ಹೆಂಡತಿಯ ಗೊಣಗಾಟಕ್ಕೆ ಅಷ್ಟು ಕಿವಿ ಸಾಕು, ತಂತಿಗೆ ಸಾಲದು ಎಂದು ಅವನು ಗೋಡೆ ನೋಡುತ್ತ ಕುಳಿತ.

ಅವನ ಕೆಲಸದ ರೀತಿಯೇ ಬೇರೆ. ಶ್ರುತಿ ಮಾಡಿ ಮುಗಿದ ಮೇಲೆ ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಕೀ ಒತ್ತಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದ. ಆದರೆ ಅದನ್ನು ಅದೇ ದಿನ ಕೇಳುತ್ತಿರಲಿಲ್ಲ. ದಿನವಿಡೀ ಸದ್ದು ಕುಡಿದ ಕಿವಿ ಸುಳ್ಳು ಹೇಳುತ್ತದೆ ಎಂದು ಅವನಿಗೆ ಅಪ್ಪ ಕಲಿಸಿದ್ದ. ಮರುದಿನ ಬೆಳಿಗ್ಗೆ, ಮನೆಯವರ ಒಂದು ಮಾತೂ ಕಿವಿಗೆ ಬೀಳುವ ಮೊದಲು, ಹಳೆಯ ದಪ್ಪ ಹೆಡ್‌ಫೋನ್ ಹಾಕಿಕೊಂಡು ಕೇಳುವುದು. ಎಲ್ಲಾದರೂ ಕೊಂಕು ಕಂಡರೆ ಯಾರೂ ಕರೆಯದಿದ್ದರೂ ಹೋಗಿ ಸರಿಮಾಡಿ ಬರುವುದು. ಎದುರಿಗಿನ ಪಿಯಾನೋಕ್ಕಿಂತ ಬೆಳಗಿನ ಆ ರೆಕಾರ್ಡಿಂಗನ್ನೇ ಅವನು ನಂಬುತ್ತಿದ್ದ. ಹಳೆಯ ರೆಕಾರ್ಡರ್ ಕೆಟ್ಟಾಗ ಮಗಳು ಒಂದು ಫೋನ್ ಕೊಡಿಸಿದ್ದಳು. ಅಂದಿನಿಂದ ಬೆಳಗಿನ ಸದ್ದು ಮಂಕಾಗುತ್ತ ಬಂದಂತಿತ್ತು. ಇವತ್ತು, ನಿನ್ನೆ ಮಾಡಿಬಂದ ಸಂಗೀತ ಶಾಲೆಯ ದೊಡ್ಡ ಪಿಯಾನೋ ಕೇಳಿದಾಗ, ಮೇಲಿನ ಕೀಗಳೆಲ್ಲ ಕಂಬಳಿ ಹೊದ್ದು ಮಾತಾಡಿದ ಹಾಗಿದ್ದವು. ಸರಿ ಯಾವುದು, ತಪ್ಪು ಯಾವುದು, ಅವನಿಗೆ ಗೊತ್ತಾಗಲಿಲ್ಲ. ಹೆಡ್‌ಫೋನ್ ಅದೇ, ರೂಢಿ ಅದೇ. ಬದಲಾದದ್ದು ತನ್ನ ಕಿವಿಯೇ ಎಂದುಕೊಂಡ.

ರಜೆಯೆಂದು ಬಂದಿದ್ದ ಮಗಳು ಸೋಫಾದ ಮೇಲೆ ಕಣ್ಮುಚ್ಚಿ ಹಾಡು ಕೇಳುತ್ತ ಬಿದ್ದುಕೊಂಡಿದ್ದಳು. ಅವಳ ಫೋನಿಗೂ ಹೆಡ್‌ಫೋನಿನ ವೈರಿಗೂ ನಡುವೆ ಹೆಬ್ಬೆರಳಿನಷ್ಟು ದೊಡ್ಡ ಲೋಹದ ತುಂಡೊಂದಿತ್ತು. ತಾಯಿ ಅದನ್ನೇ ನೋಡುತ್ತಿದ್ದಳು. ಕೊನೆಗೆ ಮಗಳ ಕಾಲು ತಟ್ಟಿ ಅದೇನೆಂದು ಕೇಳಿದಳು.

“ಡ್ಯಾಕ್ ಅಂತಾರಮ್ಮ. ಫೋನೊಳಗೆ ಹಾಡು ಬರೀ ಅಂಕಿಗಳಾಗಿರುತ್ತೆ. ಅದನ್ನ ಸದ್ದು ಮಾಡಿ ಕೊಡೋದು ಇದರ ಕೆಲಸ.”

“ಅಂದ್ರೆ ಸಾಮಾನು ಅದೇ, ಅಡುಗೆಯವರು ಬೇರೆ.”

“ಹೂಂ, ಹಾಗೇ ಅಂದ್ಕೋ.”

ತಾಯಿ ಎದ್ದು ಒಳಗೆ ಹೋದಳು. ಗಂಡನ ಹೆಡ್‌ಫೋನನ್ನು ಅದರ ತುದಿಯಲ್ಲಿ ನೇತಾಡುತ್ತಿದ್ದ ಗೇಣುದ್ದದ ಬಿಳಿ ವೈರಿನ ಸಮೇತ ತಂದು ಮಗಳ ಮಡಿಲಿಗೆ ಹಾಕಿದಳು. “ಹಾಗಾದ್ರೆ ನಿಮ್ಮಪ್ಪನ ಅಡುಗೆಯವರು ಹೇಗಿದ್ದಾರೆ ನೋಡು.”

ಮಗಳು ವೈರನ್ನು ತಿರುಗಿಸಿ ನೋಡಿದಳು. ಫೋನಿನಲ್ಲಿ ದುಂಡು ಪಿನ್ನಿಗೆ ತೂತಿಲ್ಲವೆಂದು ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯವನು ಕೊಟ್ಟದ್ದು ಎಂದು ಅಪ್ಪ ತಗ್ಗಿದ ದನಿಯಲ್ಲಿ ಹೇಳಿದ. ಇದರೊಳಗೂ ಅಂಥದ್ದೇ ಒಂದು ತುಣುಕಿರುತ್ತದೆ, ಆದರೆ ಹೆಸರಿಗೆ ಮಾತ್ರ ಎಂದಳು ಮಗಳು.

“ಇಷ್ಟು ದಪ್ಪ ಹೆಡ್‌ಫೋನನ್ನ ಇದು ಎಳೆಯುತ್ತಾ ಅಪ್ಪಾ? ಗಾಡಿಗೆ ಕೋಳಿಮರಿ ಕಟ್ಟಿದ ಹಾಗಾಯ್ತು.”

ತನ್ನ ಲೋಹದ ತುಂಡನ್ನು ಬಿಚ್ಚಿ ಅಪ್ಪನ ಫೋನಿಗೆ ಸಿಕ್ಕಿಸಿ, ಹೆಡ್‌ಫೋನ್ ಜೋಡಿಸಿ ಅವನ ಮುಂದೆ ಹಿಡಿದಳು. ಅವನು ಕೈ ಚಾಚಲಿಲ್ಲ.

“ಬೇಡ ಬಿಡು. ಇದರಲ್ಲೂ ಕೇಳಿಸಲಿಲ್ಲ ಅಂದ್ರೆ?”

“ಅಂದ್ರೆ ಚೀಲ ಇಲ್ಲೇ ಇದೆಯಲ್ಲ ರೀ,” ಎಂದಳು ಹೆಂಡತಿ. “ನಾನೇನೂ ಇನ್ನೂ ಯಾರಿಗೂ ಕೊಟ್ಟಿಲ್ಲ.”

ಅವನು ಹಾಕಿಕೊಂಡು ನಿನ್ನೆಯ ರೆಕಾರ್ಡಿಂಗ್ ಮತ್ತೆ ಹಚ್ಚಿದ. ಡಾಕ್ಟರ ಮುಂದೆ ಕೂತವರ ಹಾಗೆ ಬೆನ್ನು ನೆಟ್ಟಗೆ, ಕೈಗಳು ಮೊಣಕಾಲ ಮೇಲೆ. ತಾಯಿಗೂ ಮಗಳಿಗೂ ಏನೂ ಕೇಳಿಸುತ್ತಿರಲಿಲ್ಲ. ಅವನ ಮುಖವನ್ನೇ ಓದಬೇಕು. ಕೆಳಗಿನ ಕೀಗಳಿಗೆ ಹುಬ್ಬು ಸ್ವಲ್ಪ ಏರಿತು. ನಡುವಿನವು ಬರುವಾಗ ಬೆರಳುಗಳು ಮೊಣಕಾಲ ಮೇಲೆ ಕುಟ್ಟತೊಡಗಿದವು. ಆಮೇಲೆ, ಮೇಲಿನವುಗಳ ಹತ್ತಿರ, ಇದ್ದಕ್ಕಿದ್ದಂತೆ ಮುಖ ಗಂಟಿಕ್ಕಿತು. ನಿಲ್ಲಿಸಿದ. ಹಿಂದಕ್ಕೆ ಹೋಗಿ ಮತ್ತೆ ಕೇಳಿದ. ಮತ್ತೊಮ್ಮೆ. ಹೆಂಡತಿಯ ಕೈಯಲ್ಲಿದ್ದ ಬಟಾಣಿ ಅಲ್ಲೇ ನಿಂತಿತು.

ಅವನು ಹೆಡ್‌ಫೋನ್ ತೆಗೆದ. “ಒಂದು ತಪ್ಪಿದೆ.”

“ಏನು ತಪ್ಪಿದೆ?”

“ಮೇಲ್ಗಡೆ, ಒಂದು ಕೀಗೆ. ಇರೋ ಮೂರು ತಂತೀಲಿ ಒಂದು ಇಳಿದಿದೆ ಕಣೇ. ಕೂದಲೆಳೆಯಷ್ಟು.” ಅವನು ನಗುತ್ತಿದ್ದ. “ಕೂದಲೆಳೆಯಷ್ಟು ಕಣೇ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಚೀಲದೊಳಗೆ ಬಿದ್ದಿದ್ದ ಬಟಾಣಿ ಸಿಪ್ಪೆಗಳನ್ನು ಆರಿಸಿ ತೆಗೆದು, ಚೀಲ ಅವನ ಹೆಗಲಿಗೆ ಹಾಕಿದಳು. ಚಪ್ಪಲಿಯಲ್ಲಿ ಕಾಲು ತೂರಿಸುತ್ತಲೇ ಅವನು ಸಂಗೀತ ಶಾಲೆಗೆ ಫೋನ್ ಮಾಡಿದ. ಮೆಟ್ಟಿಲಿಳಿಯುವಾಗ ಅವನ ದನಿ ಓಣಿಗೆಲ್ಲ ಕೇಳುತ್ತಿತ್ತು.

“ಮೇಡಂ, ನಿಮ್ಮ ಪಿಯಾನೋದಲ್ಲಿ ನಾನೊಂದು ತಪ್ಪು ಮಾಡಿದ್ದೀನಿ,” ಎನ್ನುತ್ತಿದ್ದ ಅವನು, ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಹೇಳುವವನಂತೆ.