ಒಂದನೇ ಯೂನಿಟ್‌ಗೆ ಉಡಿ ತುಂಬಿದ ಹುಲಿಗೆಮ್ಮ

ಬಿಸಿಲಿಗೆ ಹೆಸರಾದ ಸೀಮೆಯಲ್ಲಿ ಒಂದು ಉಷ್ಣ ವಿದ್ಯುತ್ ಕೇಂದ್ರ...

ಅಲ್ಲಿನ ಒಂದನೇ ಯೂನಿಟ್‌ನ ಬಾಯ್ಲರ್‌ಗೆ ಮೊದಲ ಸಲ ಬೆಂಕಿ ಹಚ್ಚಿದ ತಂಡದಲ್ಲಿ ಅಮರೇಗೌಡರೂ ಇದ್ದರು. ಆಗ ಅವರಿಗೆ ಮೀಸೆ ಚಿಗುರುತ್ತಿದ್ದ ವಯಸ್ಸು.

ಈಗ ತಲೆ ಬೆಳ್ಳಗಾಗಿತ್ತು. ಕಂಟ್ರೋಲ್ ರೂಮಿನ ಹಿರಿಯ ಆಪರೇಟರ್ ಅವರೇ.

ಒಂದು ದಿನ ಆದೇಶ ಬಂತು... ಹಳೆಯದಾದ, ಹೆಚ್ಚು ಹೊಗೆ ಉಗುಳುವ ಒಂದನೇ ಯೂನಿಟ್ ಶಾಶ್ವತವಾಗಿ ಬಂದ್!

ಅಮರೇಗೌಡರಿಗೆ ಊಟ ಸೇರಲಿಲ್ಲ.

"ಯಾಕವ್ವ ಶಾಹೀನ್? ಏನು ತಪ್ಪು ಮಾಡ್ಯದ ಇದು?" ಎಂದು ಯೂನಿಟ್‌ನ ಎಂಜಿನಿಯರ್ ಹುಡುಗಿಯನ್ನು ಕೇಳಿದರು.

"ತಪ್ಪಲ್ರೀ ಕಾಕಾ. ಹೊಗಿ ಕಮ್ಮಿ ಮಾಡ್ತೀವಿ ಅಂತ ನಮ್ಮ ದೇಶ ಜಗತ್ತಿನ ಮುಂದ ಮಾತು ಕೊಟ್ಟದ."

"ದೊಡ್ಡ ದೊಡ್ಡ ದೇಶದವ್ರು ನಮ್ಮ ಮುತ್ಯಾನ ಕಾಲದಿಂದ ಹೊಗಿ ಬಿಟ್ಟು ಶ್ರೀಮಂತ ಆದ್ರು. ಅವ್ರಿಗೆ ಯಾರು ಕೇಳಿದ್ರು? ನಾವು ಈಗ ಸ್ವಲ್ಪ ದೀಪ ಹಚ್ಚಿಕೊಂಡೀವಿ... ನಾವೇ ಆರಿಸಬೇಕೇನು?"

ಶಾಹೀನ್ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.

"ಅವ್ರಿಗೂ ಕೇಳಾಕತ್ತೀವ್ರಿ ಕಾಕಾ, ಬಿಡಂಗಿಲ್ಲ. ಆದ್ರ ಅವ್ರು ಮಾಡ್ಲಿ ಅಂತ ಕಾಯ್ಕೊಂತ ಕುಂತ್ರ, ಬಿಸಿಲು ಸುಡೋದು ನಮ್ಮ ನೆತ್ತಿನ್ನೇ ಅಲ್ರೀ?"

ಮಾತು ನಿಜ. ಆದರೆ ಅಮರೇಗೌಡರ ಮನಸ್ಸು ಒಪ್ಪಲಿಲ್ಲ... "ಬಟನ್ ನೀವೇ ಒತ್ತರಿ, ನನ್ನ ಕೈಲೆ ಆಗಂಗಿಲ್ಲ" ಎಂದುಬಿಟ್ಟರು.

ಬಂದ್ ಮಾಡುವ ದಿನ ಬಂತು.

ಬೆಳಿಗ್ಗೆಯೇ ಗೇಟಿನ ಹತ್ತಿರ ಗದ್ದಲ. ಪಕ್ಕದ ಊರಿನ ಹೆಂಗಸರು ಗುಂಪಾಗಿ ಬಂದಿದ್ದರು. ಎಲ್ಲರ ಮುಂದೆ ಹುಲಿಗೆಮ್ಮ!

ಅವಳನ್ನು ಕಂಡರೆ ಕೇಂದ್ರದವರಿಗೆಲ್ಲ ಅಂಜಿಕೆ. ಚಿಮಣಿಯ ಬೂದಿ ಬಿದ್ದು ಅವಳ ಹೊಲದ ಹತ್ತಿ ಕಪ್ಪಾಗಿತ್ತು. ಗಂಡ ವರ್ಷಗಟ್ಟಲೆ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ. ಒಮ್ಮೆ ಬುಟ್ಟಿ ತುಂಬ ಬೂದಿ ತಂದು ಸಾಹೇಬರ ಜೀಪಿನ ಮೇಲೆ ಸುರಿದ ಹೆಣ್ಣುಮಗಳು ಅವಳು...

ಇವತ್ತು ಕುಣಿದು ಕುಪ್ಪಳಿಸಲು ಬಂದಿದ್ದಾಳೆ ಎಂದುಕೊಂಡರು ಅಮರೇಗೌಡರು. ಸಿಟ್ಟಿನಿಂದಲೇ ಗೇಟಿಗೆ ನಡೆದರು.

"ಏನಬೇ ಹುಲಿಗೆಮ್ಮ, ಇದು ಸಾಯೋದು ನೋಡಾಕ ಬಂದಿಯೇನು? ಸಮಾಧಾನ ಆತಾ?"

ಅವಳು ತಲೆ ಮೇಲಿನ ಸೆರಗು ಸರಿಮಾಡಿಕೊಂಡಳು. ಕೈಯಲ್ಲಿದ್ದ ತಟ್ಟೆಯ ಮೇಲಿನ ಬಟ್ಟೆ ಸರಿಸಿದಳು.

ಹಸಿರು ಕುಬಸದ ಕಣ... ಅಕ್ಕಿ... ಒಣಕೊಬ್ಬರಿ... ಎಲೆ ಅಡಿಕೆ.

ತವರಿನಿಂದ ಹೊರಟ ಮಗಳ ಮಡಿಲು ತುಂಬುವ ಉಡಿಯ ಸಾಮಾನು!

"ಸಮಾಧಾನ ಯಾಕ ಆಗಂಗಿಲ್ಲಪ್ಪ? ಆಗ್ಯದ. ಇದರ ಬೂದಿ ನನ್ನ ಗಂಡನ್ನ ತಿಂತು, ಸುಳ್ಳಾ?" ಅವಳು ಚಿಮಣಿಯತ್ತ ಕೈ ತೋರಿಸಿದಳು. "ಆದ್ರ ನನ್ನ ಮಗಳು ಹೆರಿಗಿಗೆ ಒದ್ದಾಡೋ ಮುಂದ ದವಾಖಾನಿಯೊಳಗ ಬೆಳಕು ಕೊಟ್ಟಿದ್ದೂ ಇದ. ಮೊಮ್ಮಗಳು ಉಳಿದ್ಲು. ಸಿಟ್ಟು ಇದ್ದದ್ದು ಖರೆ, ಋಣ ಇದ್ದದ್ದೂ ಖರೆ. ಇಷ್ಟು ವರ್ಷ ದುಡಿದಾಕಿನ್ನ ಖಾಲಿ ಉಡಿಲೆ ಕಳಿಸಬಾರದಪ್ಪ..."

ಅಮರೇಗೌಡರ ಕಣ್ಣು ತುಂಬಿತು.

ಯಾವ ಅಧಿಕಾರಿಯೂ ಅವರ ಯಂತ್ರಕ್ಕೆ ಇಂಥ ಮರ್ಯಾದೆ ಕೊಟ್ಟಿರಲಿಲ್ಲ. ಕೊಟ್ಟವಳು... ಅದರಿಂದ ಎಲ್ಲರಿಗಿಂತ ಹೆಚ್ಚು ನೊಂದವಳು!

"ಅಲ್ಲೋ ಗೌಡ, ಇದನ್ನ ಯಾಕ ಬಂದ್ ಮಾಡಾಕತ್ತೀರಿ? ಕೆಟ್ಟದೇನು?" ಹುಲಿಗೆಮ್ಮ ಕೇಳಿದಳು.

"ಇಲ್ಲವ್ವ... ಇನ್ನೂ ಗಟ್ಟಿ ಐತಿ. ನಮ್ಮ ದೇಶ ಜಗತ್ತಿಗೆ ಮಾತು ಕೊಟ್ಟದ. ಹೊಗಿ ಕಮ್ಮಿ ಮಾಡ್ತೀವಿ ಅಂತ."

ಹೇಳುತ್ತಾ ಹೇಳುತ್ತಾ ತಮ್ಮ ಬೆನ್ನು ನೆಟ್ಟಗಾದದ್ದು ಅವರಿಗೇ ಗೊತ್ತಾಯಿತು.

"ಹಂಗಾದ್ರ ಆ ಮಾತು ಉಳಿಸ್ರಪ್ಪ. ಇದಕ ಮೊದ್ಲ ಬೆಂಕಿ ಹಚ್ಚಿದಾವ ನೀನ ಅಲ್ಲೇನು? ಹಚ್ಚಿದ ಕೈಲೇ ಆರಿಸು. ಬ್ಯಾರೆದವ್ರು ಯಾಕ?"

ಶಾಹೀನ್ ಕಾವಲುಗಾರರಿಗೆ ಹೇಳಿ ಗೇಟು ತೆಗೆಸಿದಳು. ಹೆಂಗಸರು ಯೂನಿಟ್‌ನ ಬಾಗಿಲಲ್ಲಿ ಕುಂಕುಮ ಹಚ್ಚಿ, ಹೊಸ್ತಿಲಿಗೆ ಉಡಿ ತುಂಬಿದರು. ಹೆಲ್ಮೆಟ್ ಕೈಯಲ್ಲಿ ಹಿಡಿದು ಕಾರ್ಮಿಕರೆಲ್ಲ ಸಾಲಾಗಿ ನಿಂತಿದ್ದರು...

ಅಮರೇಗೌಡರು ಕಂಟ್ರೋಲ್ ರೂಮಿಗೆ ಹೋದರು. "ಸರಿಯವ್ವ ಶಾಹೀನ್, ನಾನ ಒತ್ತತೀನಿ."

ಒತ್ತಿದರು.

ನೆಲದೊಳಗಿನ ಆ ಗುಂಯ್ ಸದ್ದು ನಿಧಾನಕ್ಕೆ ಇಳಿಯಿತು. ಚಿಮಣಿಯ ಹೊಗೆ ತೆಳುವಾಯಿತು... ಎಳೆಯಾಯಿತು... ನಿಂತಿತು.

ಅವರು ತಟ್ಟನೆ ತಲೆಯೆತ್ತಿ ಟ್ಯೂಬ್‌ಲೈಟ್ ನೋಡಿದರು. ಅದು ಮಿಣುಕದೆ ಉರಿಯುತ್ತಲೇ ಇತ್ತು!

"ಕರೆಂಟು?"

"ಬಂದದ್ರಿ ಕಾಕಾ... ಬಿಸಿಲಿನ ಕರೆಂಟು. ನಮ್ಮ ಹೊಸ ಸೋಲಾರ್ ಪ್ಲಾಂಟಿಂದ ಲೈನ್ ತುಂಬಿ ಹರಿಯಾಕತ್ತದ."

ಆ ಹಿರಿಯ ಜೀವ ಕುರ್ಚಿಯಲ್ಲಿ ಕುಸಿದು ಮಗುವಿನಂತೆ ಅತ್ತಿತು. ದುಃಖಕ್ಕಲ್ಲ... ಹೆಮ್ಮೆಗೆ.

ಮುಂದೆ ಅವರಿಗೆ ಸೋಲಾರ್ ಪ್ಲಾಂಟಿಗೆ ವರ್ಗವಾಯಿತು. ತಮಗಿಂತ ಚಿಕ್ಕವರ ಜೊತೆ ಕೂತು ಹೊಸ ಕೆಲಸ ಕಲಿತರು.

ಒಮ್ಮೆ ಅಲ್ಲಿಗೆ ವಿದೇಶದ ತಂಡವೊಂದು ಬಂತು. ಅವರಲ್ಲೊಬ್ಬರು ಕೇಳಿದರು... "ನಿಮ್ಮ ದೇಶದ ಹವಾಮಾನ ನೀತಿಯ ಬಗ್ಗೆ ನಿಮಗೆ ಗೊತ್ತಾ?"

ಶಾಹೀನ್ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದಳು. ಅಮರೇಗೌಡರು ನಕ್ಕರು.

"ಕಾಗದ ನಾನು ಓದಿಲ್ರೀ. ಆದ್ರ ನನ್ನ ದೇಶ ಕೊಟ್ಟ ಮಾತಿನ್ಯಾಗ... ಒಂದು ಬಟನ್ ನಂದದ!"

ದೇಶದ ಮಾತು ಉಳಿಯುವುದು ಸಹಿ ಹಾಕಿದವರಿಂದಷ್ಟೇ ಅಲ್ಲ... ಅದು ನನ್ನ ಮಾತೂ ಹೌದು ಎಂದುಕೊಂಡವರಿಂದ.

ಆ ಮಾತಿನಲ್ಲಿ ನಿಮ್ಮ ಪಾಲಿನ ಬಟನ್ ಎಲ್ಲಿದೆ... ಒಮ್ಮೆ ಯೋಚಿಸಿದ್ದೀರಾ?