ಹಿಂದಿನ ಸಾಲಿನ ಮನೆ

"ನಿನ್ನ ಮನೇಲಿ ಕನ್ನಡಿ ಇದೆಯಾ? ಇದ್ರೆ ಒಂದ್ಸಲ ಮುಖ ನೋಡ್ಕೊಂಡು ಬಾ. ಆಮೇಲೆ ಇಲ್ಲಿ ಮನೆ ಕೇಳು."

ಬಡಾವಣೆಯ ಬಾಡಿಗೆ ಆಫೀಸಿನ ಮ್ಯಾನೇಜರ್ ಇದನ್ನು ಮೆಲ್ಲಗೆ ಹೇಳಲಿಲ್ಲ. ಸೋಫಾದಲ್ಲಿ ಕುಳಿತಿದ್ದ ಬ್ಯಾಂಕ್ ಅಧಿಕಾರಿಗೂ ಅವರ ಹೆಂಡತಿಗೂ ಕೇಳುವಂತೆ ಹೇಳಿದ. ವರ್ಗವಾಗಿ ಬಂದಿದ್ದ ಅವರು ಬೆಳಗಿನಿಂದ ಮನೆ ಹುಡುಕುತ್ತಿದ್ದರು. ವೆಲ್ಡರ್ ಬಂದದ್ದೂ ಅದಕ್ಕೇ. ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಶರ್ಟ್ ತೊಟ್ಟು ಬಂದಿದ್ದ.

"ಬಾಡಿಗೆ ತಪ್ಪಿಸಲ್ಲ ಸಾರ್."

"ಕುತ್ತಿಗೆಗೆ ಚೀಲ ಕಟ್ಟಿ ಕಳಿಸಿದ್ರೆ ನಾಯೀನೂ ಬಾಡಿಗೆ ತಂದು ಕೊಡುತ್ತೆ. ಹಾಗಂತ ನಾಯಿಗೆ ಮನೆ ಕೊಡ್ತೀನಾ? ನಡಿ ಆಚೆ."

ಅಧಿಕಾರಿಯ ಹೆಂಡತಿ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಳು. ವೆಲ್ಡರ್ ಬಾಗಿಲು ದಾಟುವಾಗ ಅವಳ ಮಾತು ಬೆನ್ನಿಗೆ ಬಡಿಯಿತು. "ಇದೇ ಆಗ್ಲಿ ರೀ. ಇಲ್ಲಿ ಕಂಡಕಂಡೋರನ್ನ ಒಳಗೆ ಬಿಡಲ್ಲ."

ಅವನ ಮುಷ್ಟಿ ಬಿಗಿದಿತ್ತು. ಕಬ್ಬಿಣ ಬಗ್ಗಿಸುವ ಕೈ ಅದು, ಒಂದು ಏಟು ಸಾಕಿತ್ತು. ಮಗಳ ಮುಖ ನೆನಪಾಗಿ ಕೈ ಸಡಿಲಿಸಿದ.

ಈ ಊರಿಗೆ ಬಂದಾಗ ಸಿಕ್ಕಿದ ಕೋಣೆ ಬಣ್ಣದ ಕಾರ್ಖಾನೆಯ ಬೆನ್ನಿಗಿತ್ತು. ಬೆಳ್ಳಗೆ ಒಗೆದು ಹಾಕಿದ ಬಟ್ಟೆ ಅಲ್ಲಿ ಹಳದಿಯಾಗಿ ಒಣಗುತ್ತಿತ್ತು. ಆ ಗಾಳಿ ಕುಡಿದು ಮಗಳ ಎದೆ ಸಿಳ್ಳೆ ಹೊಡೆಯಲು ಶುರುಮಾಡಿತ್ತು. "ಔಷಧಿ ಎಷ್ಟು ಬೇಕಾದ್ರೂ ಬರೀತೀನಿ. ಗಾಳಿ ಬದಲಾಯಿಸದಿದ್ರೆ ಮಗು ಉಳಿಯಲ್ಲ" ಎಂದಿದ್ದರು ಡಾಕ್ಟರು.

ಗಂಡ ಹೆಂಡತಿ ಊರೆಲ್ಲ ಸುತ್ತಿದರು. ರೈಲು ಯಾರ್ಡಿನ ಕಡೆ ಕಲ್ಲಿದ್ದಲ ಧೂಳು. ಹೊಳೆ ದಡದ ಮನೆಗಳಲ್ಲಿ ಗೋಡೆ ತುಂಬ ಬೂಷ್ಟು. ಹೆದ್ದಾರಿಯ ಪಕ್ಕ ಹಗಲೂ ಇರುಳೂ ಲಾರಿ ಹೊಗೆ. ಉಳಿದದ್ದು ಗುಡ್ಡದ ಮೇಲಿನ ಈ ಹೊಸ ಬಡಾವಣೆ ಒಂದೇ. ಮಗಳನ್ನು ಅಲ್ಲಿಗೆ ಕರೆದೊಯ್ದ ದಿನ ಅವಳು ಕೆಮ್ಮದೆ ಓಡಿದ್ದಳು. ದೊಡ್ಡ ಮನೆಗಳ ಹಿಂದೆ, ಕೊನೆಯ ಸಾಲಿನಲ್ಲಿ, ಎರಡು ಕೋಣೆಯ ಸಣ್ಣ ಮನೆಗಳಿದ್ದವು. ಓವರ್‌ಟೈಮ್ ಮಾಡಿದರೆ ಬಾಡಿಗೆ ನಿಭಾಯಿಸಬಹುದಿತ್ತು.

ಬೈಸಿಕೊಂಡು ಬಂದು ಬಸ್ ಸ್ಟಾಪಿನಲ್ಲಿ ನಿಂತಿದ್ದವನ ಪಕ್ಕ ಒಂದು ಸ್ಕೂಟರ್ ಬಂದು ನಿಂತಿತು. ಮ್ಯಾನೇಜರ್.

"ಬೇಜಾರಾಯ್ತಾ ತಮ್ಮಾ? ನೀನು ಎದುರು ಮಾತಾಡಲಿಲ್ಲ ನೋಡು, ಅದು ನಂಗೆ ಹಿಡಿಸ್ತು. ಮನೆ ಯಾರಿಗೆ?"

ವೆಲ್ಡರ್ ಮಗಳ ವಿಷಯ ಹೇಳಿದ.

"ಛೆ, ಛೆ. ಬರ್ತಾ ಇರು. ಎಲ್ಲಾ ತುಂಬಿದ ಮೇಲೆ ಹಿಂದಿನ ಸಾಲಲ್ಲಿ ಒಂದು ಉಳಿದ್ರೆ ನಿಂಗೇ."

ಅಂದಿನಿಂದ ಮ್ಯಾನೇಜರ್ ಫೋನ್ ಮಾಡಿದಾಗಲೆಲ್ಲ ವೆಲ್ಡರ್ ಕೆಲಸ ಅರ್ಧಕ್ಕೆ ಬಿಟ್ಟು ಗುಡ್ಡ ಹತ್ತಿದ. ಹೋದಾಗಲೆಲ್ಲ ಸೋಫಾದಲ್ಲಿ ಯಾರಾದರೂ ಇರುತ್ತಿದ್ದರು. ಒಮ್ಮೆ ವಕೀಲರು, ಒಮ್ಮೆ ಹಲ್ಲಿನ ಡಾಕ್ಟರ ಸಂಸಾರ. ಅವರೆದುರೇ ಮ್ಯಾನೇಜರ್ ಅವನ ಜನ್ಮ ಜಾಲಾಡುತ್ತಿದ್ದ. ಎಮ್ಮೆಯ ಮೇಲೆ ಮಳೆ ಸುರಿದಂತೆ ನಿಂತು ಕೇಳಿ, ವೆಲ್ಡರ್ ತಲೆ ತಗ್ಗಿಸಿ ಹೊರಬರುತ್ತಿದ್ದ.

"ಇವತ್ತು ಏನಂದ?" ಹೆಂಡತಿ ತಟ್ಟೆ ಇಡುತ್ತಾ ಕೇಳುತ್ತಿದ್ದಳು.

"ಅಪ್ಪನ್ನ ಎಳೆದ."

"ಅಪ್ಪನವರೆಗೂ ಹೋದನಾ?"

"ಹೋಗ್ಲಿ ಬಿಡು. ಅಪ್ಪ ಸತ್ತು ಮಣ್ಣಾಗಿದಾನೆ, ಅವನಿಗೆ ಕೇಳ್ಸಲ್ಲ."

"ಆ ಒಳ್ಳೇ ಶರ್ಟಾದ್ರೂ ಹಾಕ್ಕೊಂಡು ಹೋಗಬಾರದಾ? ಇದರ ತುಂಬ ಕಿಡಿ ಸುಟ್ಟ ತೂತು."

"ಅಲ್ಲಿಗೆ ಇದೇ ಸರಿ."

ಮೂಲೆಯಲ್ಲಿ ಮಲಗಿದ್ದ ಮಗಳು ಕೆಮ್ಮಿದಳು. ಇಬ್ಬರೂ ಊಟ ನಿಲ್ಲಿಸಿದರು. ಕೆಮ್ಮು ನಿಂತ ಮೇಲೆ ಹೆಂಡತಿ ಅಂದಳು, "ಇನ್ನೊಂಚೂರು ತಡ್ಕೊಳ್ಳಿ. ಬಾಯಿ ತಾನೆ, ಬೈಕೊಳ್ಳಲಿ."

ಬಡಾವಣೆ ತುಂಬುತ್ತಾ ಬಂತು. ಮನೆಗಳ ಮುಂದಿನ 'ಬಾಡಿಗೆಗಿದೆ' ಬೋರ್ಡುಗಳು ಒಂದೊಂದಾಗಿ ಇಳಿದವು. ಹಿಂದಿನ ಸಾಲಿನ ಕೊನೆಯಲ್ಲಿ ಒಂದೇ ಒಂದು ಉಳಿಯಿತು. ಈ ಸಲ ವೆಲ್ಡರ್ ಫೋನಿಗೆ ಕಾಯಲಿಲ್ಲ. ಗಡ್ಡ ಬೋಳಿಸಿ, ಒಳ್ಳೆಯ ಶರ್ಟ್ ತೊಟ್ಟು, ಹೆಂಡತಿ ಮಗಳನ್ನು ಕರೆದುಕೊಂಡೇ ಹೋದ. ಗುಡ್ಡ ಹತ್ತುವಾಗ ಮಗಳು ಎಲ್ಲೂ ಕೂರಲಿಲ್ಲ. ಆ ಮನೆಯ ಕಿಟಕಿಗೆ ಮೂಗು ಒತ್ತಿ, ತಾನು ಯಾವ ಮೂಲೆಯಲ್ಲಿ ಮಲಗಬೇಕೆಂದು ಆಗಲೇ ಆರಿಸಿಕೊಂಡಳು.

ಮ್ಯಾನೇಜರ್ ಒಬ್ಬನೇ ಕುಳಿತಿದ್ದ. ಸೋಫಾ ಖಾಲಿ.

"ನಾನು ಕರೀಲಿಲ್ಲವಲ್ಲ?"

"ಒಂದು ಉಳಿದಿದೆ ಸಾರ್. ನಂಗೇ ಅಂದಿದ್ರಿ."

ಮ್ಯಾನೇಜರ್ ಎದ್ದು ಬಂದು ಬಾಗಿಲಲ್ಲಿ ನಿಂತ. ಆಚೆ ನಿಂತಿದ್ದ ಹೆಂಡತಿಯನ್ನೂ ಮಗುವನ್ನೂ ನೋಡಿದ. ಈ ಸಲ ಅವನ ದನಿಯಲ್ಲಿ ಬೈಗುಳವಿರಲಿಲ್ಲ. ಹೆಗಲ ಮೇಲೆ ಕೈಯಿಟ್ಟು, ಅಣ್ಣ ತಮ್ಮನಿಗೆ ಹೇಳುವಂತೆ ಹೇಳಿದ.

"ನೀನೇ ಯೋಚನೆ ಮಾಡು ತಮ್ಮಾ. ಇಲ್ಲಿರೋರೆಲ್ಲ ನಿನ್ನ ಓಡ್ಸಿದ್ದು ನೋಡೇ ಮನೆ ಹಿಡಿದೋರು. ಬೈಸ್ಕೊಂಡಿದ್ದಕ್ಕೆ ಸಲಸಲಕ್ಕೂ ಕೂಲಿ ಕೊಟ್ಟಿಲ್ವಾ ನಿಂಗೆ? ಈಗ ನಿನ್ನನ್ನೇ ತಂದು ಅವರ ಪಕ್ಕ ಕೂರ್ಸಿದ್ರೆ ಅವರು ನನ್ನ ಓಡಿಸ್ತಾರೆ. ಗುಡ್ಡದ ಆ ಕಡೆ ಇನ್ನೊಂದು ಬಡಾವಣೆ ಏಳ್ತಾ ಇದೆ, ಅಲ್ಲೂ ನಿಂಗೇ ಕೆಲಸ. ಮಗೂನೂ ಕರ್ಕೊಂಡು ಬಾ. ಕೆಮ್ಮೋ ಮಗೂನ ಓಡಿಸಿದ್ರೆ ಮನೆಗಳು ಇನ್ನೂ ಬೇಗ ಹೋಗ್ತವೆ."

ವೆಲ್ಡರ್ ಮಗಳನ್ನು ಎತ್ತಿಕೊಂಡ. ಗುಡ್ಡ ಇಳಿದ.